ಭಾನುವಾರದ ವಾಸನೆ

ಆಕಳಿಕೆ ಬಂದಾಗಲೆಲ್ಲ ಅವನಿಗೆ ಈಗ ಎದೆ ಝಲ್ಲೆನ್ನುತ್ತದೆ. ಮೊದಲಾಗಿದ್ದರೆ ಬಾಯಿ ಅಗಲಿಸಿ, ಕಣ್ಣಂಚಿನ ನೀರು ಒರೆಸಿಕೊಂಡು ಮತ್ತೆ ಕೆಲಸಕ್ಕೆ ತಲೆ ತಗ್ಗಿಸುತ್ತಿದ್ದ. ಹೋದ ವಾರ ಡಾಕ್ಟರಮ್ಮನನ್ನು ಕಂಡು ಬಂದ ಮೇಲೆ ಒಂದೊಂದು ಆಕಳಿಕೆಯನ್ನೂ ತಡೆದು ನಿಲ್ಲಿಸಿ, ನೀನು ಯಾರ ಕಡೆಯವನಪ್ಪಾ ಎಂದು ವಿಚಾರಿಸುವಂತಾಗಿದೆ. ತಲೆನೋವಿನ ಕಡೆಯದೋ, ಬರೀ ನಿದ್ದೆಗೆಟ್ಟದ್ದೋ? ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ ಎಂಬುದಂತೂ ನಿಜ. ತಲೆನೋವಿಗೆ ಮೊದಲು ಬರುತ್ತವೆಂದು ಡಾಕ್ಟರಮ್ಮ ಹೇಳಿದ್ದ ಉಳಿದ ಗುರುತುಗಳಿಗಾಗಿ ಕತ್ತನ್ನು ಎಡಕ್ಕೆ ತಿರುಗಿಸಿ ನೋಡಿದ, ಬಲಕ್ಕೆ ತಿರುಗಿಸಿ ನೋಡಿದ, ಬಿಗಿತವಿರಲಿಲ್ಲ. ಸಿಹಿ ತಿನ್ನಬೇಕೆನ್ನಿಸುತ್ತಿದೆಯೇ ಎಂದು ತನ್ನನ್ನೇ ಕೇಳಿಕೊಂಡ. ಕೇಳಿದ್ದಕ್ಕೋ ಏನೋ, ಸ್ವಲ್ಪ ಅನ್ನಿಸಿತು. ಎದುರಿಗೆ ಅಂಗಡಿಯ ಮೇಜಿನ ಮೇಲೆ ಯಾರೋ ಅಜ್ಜಿಯ ಕೆಳದವಡೆಯ ಹಲ್ಲಿನ ಸೆಟ್ಟು ಹಲ್ಲು ಕಿರಿದುಕೊಂಡು ಕೂತಿತ್ತು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಆ ಅಚ್ಚಿಗೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಹಲ್ಲು ನೆಟ್ಟು, ಗುಲಾಬಿ ಬಣ್ಣದ ಪುಡಿಯನ್ನು ಘಾಟು ದ್ರವದಲ್ಲಿ ಕಲಸಿ ಒಸಡು ಮಾಡಿ ವಾಪಸು ಕಳಿಸುತ್ತಾನೆ. ಬೀದಿಯವರೆಲ್ಲ ಹಲ್ಲು ಮೇಷ್ಟ್ರು ಅನ್ನುತ್ತಾರೆ. ಯಾರಿಗೂ ಏನನ್ನೂ ಕಲಿಸಿದವನಲ್ಲ. ಮುಖದಲ್ಲಿ ಸದಾ ಇರುವ ಸಿಡುಕು ನೋಡಿ ಯಾರೋ ಇಟ್ಟ ಹೆಸರಿರಬೇಕು.

ಈ ಸೆಟ್ಟು ಎಡಗಡೆ ಒತ್ತುತ್ತದೆಂದು ಹಿಂದಕ್ಕೆ ಬಂದಿತ್ತು. ಒತ್ತುವ ಜಾಗದಲ್ಲಿ ವೈದ್ಯರು ಹಾಕಿದ ನೀಲಿ ಗುರುತಿತ್ತು. ಕಸುಬಿಗೆ ಹೊಸಬನಾದರೆ ಗುರುತಿದ್ದಲ್ಲೇ ಉಜ್ಜಿ ಕಳಿಸುತ್ತಾನೆ; ಅದು ಮತ್ತೆ ಹಿಂದಕ್ಕೆ ಬರುತ್ತದೆ, ಮತ್ತೆ ಉಜ್ಜುತ್ತಾನೆ, ಕೊನೆಗೆ ಎಡಗಡೆ ಒಸಡು ಅನ್ನುವುದೇ ಉಳಿದಿರುವುದಿಲ್ಲ. ಇವನಿಗೆ ಗೊತ್ತು, ಬಲಗಡೆ ಎಲ್ಲೋ ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾಗಿರುತ್ತದೆ. ಕಚ್ಚಿದಾಗ ಸೆಟ್ಟು ಓಲಾಡಿ ಈ ಕಡೆ ಬಂದು ಒತ್ತುತ್ತದೆ. ನೋಯುವ ಕಡೆಯೇ ತಪ್ಪಿರಬೇಕೆಂದೇನಿಲ್ಲ. ಅರ್ಧ ಆಯುಷ್ಯ ಇದೇ ಮೇಜಿನ ಮುಂದೆ ಸವೆಸಿದ ಮನುಷ್ಯನಿಗೆ ಇಷ್ಟು ತಿಳಿದಿತ್ತಲ್ಲ, ಮನೆಗೆ ಹೋದ ಕೂಡಲೇ ಅದೆಲ್ಲ ಎಲ್ಲಿ ಹಾಳಾಗಿ ಹೋಗುತ್ತಿತ್ತು? ಬಲಗಡೆಯ ಹಲ್ಲನ್ನು ಉಜ್ಜಲು ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟ. ಊಟದ ಹೊತ್ತಾಗಿತ್ತು. ಊಟದ ಹೊತ್ತು ಮೀರಬಾರದು ಎಂಬುದು ಈಗ ಅವನ ಮನೆಯ ಕಾನೂನು. ಹೆಂಡತಿ ಕಟ್ಟಿಕೊಟ್ಟ ಡಬ್ಬಿ ತೆಗೆದ: ಬ್ರೆಡ್ಡು, ಬೇಯಿಸಿದ ಮೊಟ್ಟೆ, ಒಂದು ಕಿತ್ತಳೆ. ಕಿತ್ತಳೆ ತಿಂದು ಎಷ್ಟು ವರ್ಷವಾಗಿತ್ತೋ. ತಲೆನೋವಿಗೆ ಹೆದರಿ ಅವನು ಬಿಡದೇ ಇದ್ದದ್ದೇನು? ಚೀಸ್ ಬಿಟ್ಟ, ಚಾಕಲೇಟ್ ಬಿಟ್ಟ, ಟೊಮೆಟೊ ಬಿಟ್ಟ, ಉಪ್ಪಿನಲ್ಲಿ ಹಾಕಿಟ್ಟದ್ದನ್ನೆಲ್ಲ ಬಿಟ್ಟ; ಮನೆಗೆ ಬಂದ ನೆಂಟರು ಇವನ ತಟ್ಟೆ ನೋಡಿ, ಇದೇನು ಸನ್ಯಾಸ ತಗೊಂಡಿದ್ದೀರಾ ಎಂದು ನಗುತ್ತಿದ್ದರು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ತಿನ್ನೋದನ್ನೆಲ್ಲ ಬಿಟ್ಟಿದ್ದೀರಿ, ತಿನ್ನೋ ಹೊತ್ತನ್ನ ಮಾತ್ರ ಹಿಡಿದೇ ಇಲ್ವಲ್ಲ" ಅಂದಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಿಸಕ್ಕನೆ ನಕ್ಕಿದ್ದಳು. ಅವಳು ನಕ್ಕದ್ದು ಅದೇ ಕೊನೆ. ಆಮೇಲಿನ ಮಾತಿಗೆ ಯಾರೂ ನಗಲಿಲ್ಲ.

ಡಾಕ್ಟರ ಹತ್ತಿರ ಹೋಗಬೇಕೆಂದು ಅವನಿಗೇನೂ ಇರಲಿಲ್ಲ. ನೋವಿನ ಮಾತ್ರೆಗಳನ್ನು ಪೆಪ್ಪರ್‌ಮೆಂಟಿನಂತೆ ನುಂಗುತ್ತಿದ್ದುದನ್ನು ನೋಡಿ ನೋಡಿ ಸಾಕಾಗಿ, ಹೆಂಡತಿಯೇ ಎಳೆದುಕೊಂಡು ಹೋಗಿದ್ದಳು. ಹೀಗೆ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ ಎಂದು ಡಾಕ್ಟರಮ್ಮ ಮೊದಲು ಬೈದರು. ಇನ್ನು ಮೇಲೆ ಮಲಗುವಾಗ ಒಂದು ಮಾತ್ರೆ ದಿನಾ, ನೋವು ಶುರುವಾದ ಕೂಡಲೇ ಇನ್ನೊಂದು ಬೇರೆ ಮಾತ್ರೆ, ಅದೂ ಲೆಕ್ಕ ಮೀರದ ಹಾಗೆ. ಆಮೇಲೆ ಯಾವುದರಿಂದ ಬರುತ್ತದೆ ಎಂದು ಕೇಳಿದರು. ಇವನು ತನಗೆ ಚೆನ್ನಾಗಿ ಗೊತ್ತಿರುವ ವಿಷಯ ಕೇಳಿದರೆಂಬ ಹುಮ್ಮಸ್ಸಿನಲ್ಲಿ, "ನನಗೆ ವಾಸನೆ ಆಗಲ್ಲ ಡಾಕ್ಟ್ರೇ. ಪೌಡರ್ ವಾಸನೆ, ಈರುಳ್ಳಿ ಹುರಿಯೋ ವಾಸನೆ. ಅದೂ ಭಾನುವಾರ ಬಂದ್ರೆ ಮುಗೀತು" ಅಂದ. ಅವರು ಪೆನ್ನು ಕೆಳಗಿಟ್ಟು, "ನಿಮ್ಮ ಅಂಗಡೀಲಿ ಏನೇನು ವಾಸನೆ ಇರತ್ತೆ?" ಎಂದು ಕೇಳಿದರು. "ಅಲ್ಲಿ ಬಿಡಿ, ಆ ದ್ರವದ ಘಾಟಿಗೆ ಬೇರೆಯವರು ಒಳಗೇ ಬರಲ್ಲ. ನನಗೇನೂ ಆಗಲ್ಲ." "ಹೌದಾ? ಭಾನುವಾರ ಎಷ್ಟೊತ್ತಿಗೆ ಏಳ್ತೀರಿ?" ಇವನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಏಳೋದಾ? ಬಿಸಿಲು ಮುಖಕ್ಕೆ ಬಿದ್ರೂ ಏಳಲ್ಲ. ವಾರದ ದಿನ ಅಂಗಡಿ ಬಾಗಿಲು ತೆಗೀತಿದ್ದ ಹಾಗೇ ಕಾಫಿ. ಭಾನುವಾರ ಕಾಫಿ ಸಿಗೋ ಹೊತ್ತಿಗೆ ಮಧ್ಯಾಹ್ನ ಆಗಿರತ್ತೆ. ತಿಂಡಿ ಇಲ್ಲ. ಊಟ ಸಾಯಂಕಾಲಕ್ಕೆ" ಅಂದಳು. ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. "ಮತ್ತಿನ್ಯಾಕೆ ವಾಸನೆ ಗೀಸನೆ ಅಂತೀರಿ? ನಿದ್ದೆ ಏರುಪೇರು, ಕಾಫಿ ತಡ, ಹೊಟ್ಟೆ ಖಾಲಿ. ಇಷ್ಟು ಸಾಕು. ಕೆಲವರಿಗೆ ವಾಸನೆಯಿಂದಾನೇ ಬರೋದುಂಟು, ಇಲ್ಲ ಅನ್ನಲ್ಲ. ಆದ್ರೆ ನಿಮಗೆ ನೋವು ಅಷ್ಟೊತ್ತಿಗಾಗಲೇ ಒಳಗೆ ಶುರುವಾಗಿರತ್ತೆ. ತಲೆ ಇನ್ನೂ ನೋಯ್ತಿರಲ್ಲ, ಮೂಗು ಕಿವಿ ಕಣ್ಣು ಮೊದಲೇ ಚುರುಕಾಗಿರತ್ತೆ. ದಿನಾ ಇರೋ ವಾಸನೇನೇ ಅವತ್ತು ತಡೆಯಕ್ಕಾಗಲ್ಲ. ಆಮೇಲೆ ತಲೆ ಒಡೆಯೋಕೆ ಶುರುವಾದಾಗ, ವಾಸನೆಯಿಂದ ಬಂತು ಅಂದ್ಕೊಳ್ತೀರಿ." ಅವರು ಇದನ್ನು ಎಷ್ಟೋ ಜನಕ್ಕೆ ಹೇಳಿದವರ ಹಾಗೆ ಸರಾಗವಾಗಿ ಹೇಳಿ ಮುಗಿಸಿ ಮತ್ತೆ ಪೆನ್ನು ಹಿಡಿದರು. ಇವನು ಹೆಂಡತಿಯ ಕಡೆ ತಿರುಗಲಿಲ್ಲ. ಅವಳೂ ಇವನ ಕಡೆ ತಿರುಗಿರಲಿಲ್ಲ ಎಂಬುದು ಹೇಗೋ ಗೊತ್ತಾಯಿತು.

ಭಾನುವಾರದ ವಾಸನೆ ಎಂದರೆ ಅಕ್ಕ. ಅಮ್ಮ ತೀರಿಕೊಂಡ ಮೇಲೆ ಇವನ ತಲೆ ಬಾಚಿ ಶಾಲೆಗೆ ಕಳಿಸಿದವಳು; ಮದುವೆಯ ಮಾತು ಬಂದಾಗಲೆಲ್ಲ, ಮೊದಲು ಈ ಮರಿ ದೊಡ್ಡದಾಗಲಿ ಎಂದು ತಳ್ಳಿಹಾಕಿ, ಮರಿ ದೊಡ್ಡದಾಗಿ ಮದುವೆಯೂ ಆದ ಮೇಲೆ ಅವನ ಮನೆಯ ಮುಂದಿನ ಕೋಣೆಯಲ್ಲೇ ಉಳಿದವಳು. ಅಂಚೆ ಕಚೇರಿಯಲ್ಲಿ ಕೌಂಟರಿನ ಕೆಲಸ. ಸ್ಟಾಂಪಿಗೆ ಬಂದವರೆಲ್ಲ ಅವಳ ಹತ್ತಿರ ಎರಡು ಮಾತಾಡದೆ ಹೋಗುತ್ತಿರಲಿಲ್ಲ. ಇವನು ಬೆಳಿಗ್ಗೆ ಬೇಗ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಕ್ಕ ಮನೆ ತುಂಬ ಓಡಾಡುವುದನ್ನು ಅವನು ಕಾಣುತ್ತಿದ್ದುದು ಭಾನುವಾರವೊಂದೇ. ತಲೆಗೆ ಸ್ನಾನ ಮಾಡಿ, ಕತ್ತಿಗೆ ನೇರಳೆ ಡಬ್ಬಿಯ ಪೌಡರ್ ಹಚ್ಚಿಕೊಂಡು, ಈರುಳ್ಳಿ ಹುರಿಯುತ್ತ ತನ್ನಷ್ಟಕ್ಕೆ ಗುನುಗುವಳು. ಇವನಿಗೆ ಹಾಸಿಗೆಯಲ್ಲೇ ಆ ವಾಸನೆ ಬಂದು ಮುಟ್ಟುತ್ತಿತ್ತು, ಸ್ವಲ್ಪ ಹೊತ್ತಿಗೆ ಬಲಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯಲು ಶುರುಮಾಡುತ್ತಿದ್ದರು. ವಾರದ ಬೇರೆ ದಿನ ಇಲ್ಲದ್ದು ಭಾನುವಾರ ಮನೆಯಲ್ಲಿ ಏನಿದೆ? ಅವನು ಲೆಕ್ಕ ಹಾಕಿದ. ತನ್ನ ಜಾಣತನದ ಬಗ್ಗೆ ಅವನಿಗೆ ಆಗ ಸ್ವಲ್ಪ ಹೆಮ್ಮೆಯೂ ಆಗಿತ್ತು ಎಂಬುದನ್ನು ನೆನೆದು, ಬಾಯಿಗೆ ಒಯ್ದ ಕಿತ್ತಳೆಯ ತೊಳೆಯನ್ನು ಡಬ್ಬಿಯಲ್ಲೇ ವಾಪಸು ಇಟ್ಟ.

ವರ್ಷಗಳ ಹಿಂದೆ ಅಂಥದೊಂದು ಭಾನುವಾರ ಹೆಂಡತಿಯ ತಮ್ಮ ಬಂದಿದ್ದ. ಅಕ್ಕ ಬಚ್ಚಲಿಂದ ಆಗ ತಾನೇ ಬಂದವಳು, ಇಬ್ಬರಿಗೂ ಕಾಫಿ ತಂದು, ಇವನ ಮುಂದೆ ಲೋಟ ಇಡಲು ಬಗ್ಗಿದಳು. ಇವನು ಮುಖ ತಿರುಗಿಸಿ, ಕೈಯಿಂದ ಅವಳನ್ನು ತಳ್ಳಿದನೋ, ಬರೀ ಕೈ ಅಡ್ಡ ಹಿಡಿದನೋ. ಕೈ ಅಡ್ಡ ಹಿಡಿದದ್ದು ಎಂದು ಇಷ್ಟು ವರ್ಷ ನಂಬಿಕೊಂಡಿದ್ದಾನೆ. "ಸ್ವಲ್ಪ ದೂರ ನಿಂತ್ಕೋ ಅಕ್ಕ. ನಿನ್ನ ವಾಸನೆಗೇ ನನಗೆ ತಲೆನೋವು ಬರೋದು." ಹೆಂಡತಿಯ ತಮ್ಮ ಲೋಟದೊಳಗೆ ನೋಡತೊಡಗಿದ. ಅಕ್ಕ "ಹೌದಾ?" ಅಂದಳು. ಅಷ್ಟೇ. ಸಿಟ್ಟಿಲ್ಲ, ಅಳುವಿಲ್ಲ, ಮಳೆ ಬರುತ್ತಿದೆ ಎಂದು ಯಾರೋ ಹೇಳಿದರೆ ಕೇಳುವ ಹಾಗೆ, ಹೌದಾ? ಆಮೇಲೆ ಮತ್ತೆ ಬಚ್ಚಲಿಗೆ ಹೋದಳು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ರಾತ್ರಿ ಹೆಂಡತಿ, "ಆ ಹಲ್ಲಿನ ಔಷಧಿ ಘಾಟು ಇಡೀ ದಿನ ಮೂಸ್ತೀರ, ಅದು ತಲೆಗೆ ಹತ್ತಲ್ಲ. ಅತ್ತಿಗೆ ಹಚ್ಚಿಕೊಳ್ಳೋ ಒಂದು ಚಿಟಿಕೆ ಪೌಡರ್ ಹತ್ತತ್ತೆ ಅಲ್ವಾ?" ಎಂದು ಕೇಳಿದ್ದಳು. ತಲೆನೋವಿರುವವನ ಹತ್ತಿರ ವಾದ ಮಾಡಬಾರದು ಎಂದು ಅವನು ಕಣ್ಣಿನ ಮೇಲೆ ಒದ್ದೆ ಬಟ್ಟೆ ಎಳೆದುಕೊಂಡ. ತಲೆನೋವು ಅವನಿಗೆ ಇಂಥ ಹೊತ್ತಿನಲ್ಲಿ ಒದಗಿ ಬರುತ್ತಿತ್ತು. ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಯಾರೂ ಏನೂ ಕೇಳುವ ಹಾಗಿಲ್ಲ.

ಅಕ್ಕ ಪೌಡರ್ ಬಿಟ್ಟಳು. ಮುಂದಿನ ಭಾನುವಾರವೂ ತಲೆನೋವು ಬಂತು. ತಲೆಗೆ ಹಚ್ಚುವ ಎಣ್ಣೆ ಇರಬಹುದು ಎಂದ, ಎಣ್ಣೆ ಬಿಟ್ಟಳು. ಸೋಪು ಬದಲಾಯಿಸಿದಳು, ಆಮೇಲೆ ಬರೀ ನೀರಲ್ಲಿ ಸ್ನಾನ ಮಾಡತೊಡಗಿದಳು. ಈರುಳ್ಳಿ ಮನೆಗೆ ಬರುವುದೇ ನಿಂತಿತು. ಇವನ ಕೋಣೆಯ ಹೊಸ್ತಿಲ ಆಚೆ ನಿಂತು, "ಈಗ ಬರ್ತಿದೆಯಾ ಮರಿ?" ಎಂದು ಕೇಳುವಳು. ಇವನು ಮೂಗರಳಿಸಿ, ನಿಜಕ್ಕೂ ಪರೀಕ್ಷೆ ಮಾಡುವವನ ಹಾಗೆ ಗಾಳಿ ಎಳೆದುಕೊಂಡು, "ಸ್ವಲ್ಪ" ಎನ್ನುವನು. ಹಾಗನ್ನುವಾಗ ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಬರುತ್ತಿತ್ತು. ಎಲ್ಲವನ್ನೂ ಬಿಟ್ಟ ಮೇಲೂ ವಾಸನೆ ಉಳಿದರೆ ಅದು ಯಾವುದರದು ಎಂದು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಬಿಡುವುದಕ್ಕೆ ಅವಳೊಬ್ಬಳನ್ನು ಬಿಟ್ಟು ಇನ್ನೇನೂ ಇರಲಿಲ್ಲ. ಕೆಲವು ತಿಂಗಳಿಗೆ ಅಂಚೆ ಕಚೇರಿಗೆ ಹತ್ತಿರವಾಗುತ್ತದೆಂದು ನೆಪ ಹೇಳಿ ಅವಳು ಊರಾಚೆ ಒಂದು ಕೋಣೆ ಹಿಡಿದಳು. ಸಾಮಾನು ಸಾಗಿಸುವಾಗ ಇವನು ಹಾಸಿಗೆಯ ಒಂದು ತುದಿ ಹಿಡಿದಿದ್ದ, ಅವಳು ಇನ್ನೊಂದು ತುದಿ. ಅದೂ ಒಂದು ಭಾನುವಾರವೇ. ಬೆಳಿಗ್ಗೆ ಬೇಗ ಎದ್ದಿದ್ದ, ಬೇಗ ಕಾಫಿ ಕುಡಿದಿದ್ದ, ಅವತ್ತು ತಲೆ ನೋಯಲಿಲ್ಲ. ನೋಡು, ಎಂದುಕೊಂಡಿದ್ದ.

ಆದರೆ ಇದೂ ದೊಡ್ಡದಲ್ಲ. ತಿಳಿಯದೆ ಮಾಡಿದ್ದು ಎಂದು ಇದನ್ನೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ಮುಂದಿನ ಭಾನುವಾರ ಮೊಳೆ ಮತ್ತೆ ಶುರುವಾಯಿತು, ಅದರ ಮುಂದಿನದೂ. ಮನೆಯಲ್ಲಿ ಅಕ್ಕನಿಲ್ಲ, ಪೌಡರಿಲ್ಲ, ಈರುಳ್ಳಿಯಿಲ್ಲ. ಸಂಜೆ ಅವಳ ಫೋನು ಬಂತು. "ತಲೆನೋವು ಹೇಗಿದೆ ಮರಿ?" ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿ ಹಿಡಿದುಕೊಂಡೇ ಅವನು, "ಈಗ ಕಮ್ಮಿ ಆಗಿದೆ ಅಕ್ಕ" ಅಂದ. ಯಾಕೆ ಹಾಗಂದ? ಅಷ್ಟೆಲ್ಲ ಮಾಡಿಸಿ ಈಗ ನೀನಲ್ಲ ಎಂದರೆ ತನ್ನ ಮರ್ಯಾದೆ ಏನಾಗಬೇಕು ಎಂದೇ? ವಾಪಸು ಬಾ ಎನ್ನಬೇಕಾಗುತ್ತದೆ ಎಂದೇ? ಅವಳಿಗೆ ಸಮಾಧಾನವಾಗಲಿ ಎಂದು ಅಂದೆ ಎಂದು ಹೆಂಡತಿಗೆ ಹೇಳಿದ. ಸಮಾಧಾನವೇನೋ ಆಗಿತ್ತು. "ಒಳ್ಳೇದಾಯ್ತು ಬಿಡು, ನಾನು ಬಂದಿದ್ದೇ ಒಳ್ಳೇದಾಯ್ತು" ಎಂದು ಅವಳು ನಕ್ಕಿದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತ್ತು. ಅಲ್ಲಿಂದಾಚೆಗೆ ಅವಳು ಕೇಳಿದಾಗಲೆಲ್ಲ ಕಮ್ಮಿಯೇ. ಆಮೇಲೊಮ್ಮೆ ಅವಳು ಕೌಂಟರು ಬಿಟ್ಟು ಹಿಂದಿನ ಕೋಣೆಯಲ್ಲಿ ಕಾಗದ ವಿಂಗಡಿಸುವ ಕೆಲಸ ಕೇಳಿ ಹಾಕಿಸಿಕೊಂಡಳೆಂದು ಯಾರೋ ಹೇಳಿದರು. ವಯಸ್ಸಾಯಿತು, ಗಲಾಟೆ ಬೇಡವಾಗಿರುತ್ತದೆ ಎಂದುಕೊಂಡ.

ಡಾಕ್ಟರಮ್ಮನ ಹತ್ತಿರದಿಂದ ಬಂದ ಮೇಲೆ ಹೆಂಡತಿ ಹೊತ್ತುಹೊತ್ತಿಗೆ ಊಟ ಕೊಟ್ಟಳು, ಮಾತ್ರೆ ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ. ನಿನ್ನೆ ದೀಪ ಆರಿಸುವಾಗ, "ಹೋಗಿ ಹೇಳ್ತೀರೋ, ಇಲ್ಲ ನಾನೇ ಹೇಳ್ಬೇಕೋ?" ಅಂದಳು. ಅವಳ ಬಾಯಿಂದ ಅಕ್ಕ ಅದನ್ನು ಕೇಳುವುದನ್ನು ನೆನೆಸಿಕೊಂಡು ಅವನಿಗೆ ನಿದ್ದೆ ಹತ್ತಲಿಲ್ಲ. ಈ ಆಕಳಿಕೆ ಅದರದೇ ಇರಬೇಕು. ಡಬ್ಬಿ ಮುಚ್ಚಿ, ಕೈ ತೊಳೆದು, ಬೆರಳು ಮೂಸಿ ನೋಡಿಕೊಂಡ. ಕಿತ್ತಳೆಯ ಕೆಳಗೆ ಆ ದ್ರವದ ಘಾಟು ಹಾಗೇ ಇತ್ತು; ತಾನು ಈ ವಾಸನೆ ಹೊತ್ತುಕೊಂಡು ದಿನಾ ಮನೆಗೆ ಹೋಗುತ್ತಿದ್ದರೂ ಅಕ್ಕ ಒಂದು ದಿನ ಮೂಗು ಮುಚ್ಚಿಕೊಂಡವಳಲ್ಲ. ಅಜ್ಜಿಯ ಸೆಟ್ಟಿನ ಬಲಗಡೆ ಉಜ್ಜಿ, ಪಾಲಿಶ್ ಮಾಡಿ, ಪೊಟ್ಟಣ ಕಟ್ಟಿಟ್ಟು, ಹೊತ್ತಿಗೆ ಮೊದಲೇ ಅಂಗಡಿಯ ಬಾಗಿಲೆಳೆದ.

ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಒಂದು ಹುಚ್ಚು ಯೋಚನೆ ಬಂದು ಪೌಡರ್ ಕೇಳಿದ. ನೇರಳೆ ಡಬ್ಬಿ. ಅದು ಬರುವುದು ನಿಂತು ಎಷ್ಟೋ ಕಾಲವಾಯಿತು ಎಂದು ಅಂಗಡಿಯವಳು ಬೇರೆ ನಾಲ್ಕಾರು ಡಬ್ಬಿ ತೆಗೆದಿಟ್ಟಳು. ಇವನು ಒಂದೊಂದರ ಮುಚ್ಚಳ ತಿರುಗಿಸಿ ಮೂಸತೊಡಗಿದ. ಯಾವುದಕ್ಕೂ ಏನೂ ಆಗಲಿಲ್ಲ; ತಲೆ ತನ್ನ ಪಾಡಿಗೆ ತಾನಿತ್ತು. "ಯಾರಿಗೆ ಸಾರ್, ಮನೆಯವರಿಗಾ?" ಎಂದು ಅಂಗಡಿಯವಳು ಕೇಳಿದಾಗ ಮುಖ ಕೆಂಪೇರಿತು. ಯಾವ ಮುಖ ಇಟ್ಟುಕೊಂಡು ಇದನ್ನು ಅಕ್ಕನ ಕೈಗೆ ಕೊಡುವುದು? ತಗೋ, ಈಗ ಹಚ್ಚಿಕೋ, ಅಪ್ಪಣೆಯಾಗಿದೆ ಎಂದೇ? ಎಲ್ಲ ಡಬ್ಬಿಗಳನ್ನೂ ಸಾಲಾಗಿ ಹಿಂದಕ್ಕೆ ತಳ್ಳಿ ಬಸ್ಸಿಗೆ ಓಡಿದ.

ಅಕ್ಕನ ಬಾಗಿಲು ತಟ್ಟಿದಾಗ ಒಳಗಿನಿಂದ, "ಯಾರು?" ಎಂದಳು. "ನಾನು ಅಕ್ಕ." "ಮರೀನಾ? ಸ್ವಲ್ಪ ಇರು, ಸ್ವಲ್ಪ ಇರು, ಅಲ್ಲೇ ನಿಂತಿರು." ಕಿಟಕಿಗಳು ಒಂದೊಂದಾಗಿ ತೆರೆದುಕೊಂಡ ಸದ್ದು, ನಲ್ಲಿಯ ಸದ್ದು, ಬೀರುವಿನ ಬಾಗಿಲು ತೆಗೆದು ಮುಚ್ಚಿದ ಸದ್ದು. ಇವನು ಓಣಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಬಾಗಿಲು ತೆರೆದಾಗ ಅವಳು ಒಗೆದ ಬಟ್ಟೆ ಉಟ್ಟು, ಮುಖ ಒದ್ದೆ ಮಾಡಿಕೊಂಡು, ಕದದ ಹಿಂದಕ್ಕೆ ಸರಿದು ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ಕೋಣೆಯಲ್ಲಿ ಯಾವ ವಾಸನೆಯೂ ಇರಲಿಲ್ಲ, ಮನುಷ್ಯರಿರುವ ಮನೆಯಲ್ಲಿ ಇರಬೇಕಾದಷ್ಟೂ ಇರಲಿಲ್ಲ. "ಹೇಳದೇ ಕೇಳದೇ ಬಂದ್ಯಲ್ಲೋ. ತಲೆನೋವು ಗಿಲೆನೋವು ಬಂದೀತು. ಆ ಕಿಟಕಿ ಪಕ್ಕದ ಕುರ್ಚೀಲಿ ಕೂತ್ಕೋ, ಗಾಳಿ ಚೆನ್ನಾಗಿ ಬರತ್ತೆ" ಎಂದು ತಾನು ಎದುರು ಗೋಡೆಗೆ ಒರಗಿ ನಿಂತಳು.

"ಡಾಕ್ಟರ ಹತ್ರ ಹೋಗಿದ್ದೆ ಅಕ್ಕ."

"ಯಾಕೆ? ಕಮ್ಮಿ ಆಗಿತ್ತಲ್ಲ?"

"ಇಲ್ಲ. ಕಮ್ಮಿ ಆಗಿರ್ಲಿಲ್ಲ. ನೀನು ಇಲ್ಲಿಗೆ ಬಂದ ಮೇಲೂ ಬರ್ತಾನೇ ಇತ್ತು."

ಅವಳಿಗೆ ಮೊದಲು ಅರ್ಥವಾದಂತೆ ಕಾಣಲಿಲ್ಲ. "ಮತ್ತೆ ಫೋನಲ್ಲಿ ಕಮ್ಮಿ ಅಂತಿದ್ಯಲ್ಲ?"

"ಸುಳ್ಳು ಹೇಳ್ತಿದ್ದೆ."

ಅಲ್ಲಿಂದ ಮುಂದೆ ಅವನು ನಿಲ್ಲಿಸಲಿಲ್ಲ. ತಡವಾಗಿ ಏಳುವುದು, ತಡವಾದ ಕಾಫಿ, ಖಾಲಿ ಹೊಟ್ಟೆ, ನೋವಿಗಿಂತ ಮೊದಲೇ ಚುರುಕಾಗುವ ಮೂಗು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಅದೊಂದು ಪಾಠ ಒಪ್ಪಿಸಿದ ಹಾಗಾಯಿತು. ಕೊನೆಗೆ, "ನಿನ್ನಿಂದ ಅಲ್ಲ ಅಕ್ಕ. ಯಾವತ್ತೂ ನಿನ್ನಿಂದ ಬಂದಿದ್ದಲ್ಲ. ನನ್ನದು ತಪ್ಪಾಯ್ತು" ಅಂದ. ಅಕ್ಕ ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಳು. "ಹೊತ್ತಿಗೆ ಸರಿಯಾಗಿ ತಿನ್ನು ಅಂತ ನಾನೂ ಬಡ್ಕೋತಿದ್ದೆ" ಅಂದಳು. ಮಾತ್ರೆ ಎಷ್ಟು ದಿನ ತಗೊಳ್ಳಬೇಕಂತೆ, ಅದರಿಂದ ನಿದ್ದೆ ಜಾಸ್ತಿ ಬರುತ್ತದೆಯೇ, ಎಂದು ವಿಚಾರಿಸಿದಳು. ಇಷ್ಟೇ ಎಂದು ಅವನಿಗೆ ಒಳಗೊಳಗೇ ಉಸಿರು ಹಗುರಾಗುತ್ತಿದ್ದಾಗ, ಅವಳು ಸ್ವರ ತಗ್ಗಿಸಿ, ಯಾರಾದರೂ ಕೇಳಿಸಿಕೊಂಡಾರೆಂಬಂತೆ, "ಹಾಗಾದ್ರೆ ನನ್ನ ಮೈಗೆ ವಾಸನೆ ಇಲ್ವಾ?" ಎಂದು ಕೇಳಿದಳು.

"ಇಲ್ಲ ಅಕ್ಕ."

"ನನಗೆ ಬೇಜಾರಾಗತ್ತೆ ಅಂತ ಹೇಳ್ಬೇಡ. ನಿಜ ಹೇಳು."

"ಇಲ್ಲ. ನಿಜವಾಗ್ಲೂ ಇಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಾನು ಬಸ್ಸಲ್ಲಿ ಯಾರ ಪಕ್ಕಾನೂ ಕೂರಲ್ಲ ಕಣೋ" ಅಂದಳು. "ಸೀಟು ಖಾಲಿ ಇದ್ರೂ ನಿಂತೇ ಬರ್ತೀನಿ. ಪಾಪ, ಅವರಿಗ್ಯಾಕೆ ತಲೆನೋವು ತರೋದು ಅಂತ. ಕೌಂಟರು ಬಿಟ್ಟಿದ್ದೂ ಅದಕ್ಕೇ, ಜನ ಬಗ್ಗಿ ಮಾತಾಡೋರಲ್ವಾ." ದೂರಿನ ದನಿಯಲ್ಲ, ತಾನು ಹೇಗೆ ಸಂಭಾಳಿಸಿಕೊಂಡು ಬಂದೆ ಎಂದು ತಮ್ಮನಿಗೆ ವಿವರಿಸುವಂತಿತ್ತು. ಅವನಿಗೆ ಎದ್ದು ಅವಳ ಕಾಲು ಹಿಡಿಯಬೇಕೆನ್ನಿಸಿತು, ಜೋರಾಗಿ ಅಳಬೇಕೆನ್ನಿಸಿತು. ಯಾವುದನ್ನೂ ಮಾಡಲಿಲ್ಲ. ಅಷ್ಟರಲ್ಲಿ ಅವಳು, "ಅಯ್ಯೋ, ಹೊತ್ತಾಯ್ತು, ನೀನು ಖಾಲಿ ಹೊಟ್ಟೇಲಿ ಇರಬಾರ್ದಲ್ಲ" ಎಂದು ಒಲೆಯ ಕಡೆ ಸರಿದಿದ್ದಳು.

ತಟ್ಟೆ ತಂದು, ಕೈ ಪೂರ್ತಿ ಚಾಚಿ ಅವನ ಮುಂದಿಟ್ಟು, ಎರಡು ಹೆಜ್ಜೆ ಹಿಂದೆ ಹೋದಳು. "ಇಲ್ಲೇ ಕೂತ್ಕೋ ಅಕ್ಕ" ಎಂದು ಅವನು ಇನ್ನೊಂದು ಕುರ್ಚಿಯನ್ನು ತನ್ನ ಪಕ್ಕಕ್ಕೆ ಎಳೆದ. ಅವಳು ಬಂದು ಕೂತಳು. ಕೂತು, ಉಸಿರು ಅವನ ಕಡೆ ಬೀಳದ ಹಾಗೆ ಮುಖವನ್ನು ಆಚೆ ತಿರುಗಿಸಿಕೊಂಡಳು. ಹಾಗೆ ಮಾಡುತ್ತಿದ್ದೇನೆಂಬುದು ಅವಳಿಗೆ ಗೊತ್ತಿದ್ದಂತಿರಲಿಲ್ಲ. ಅವನು ಬಲಗಣ್ಣಿನ ಹಿಂದೆ ಹುಡುಕಿದ, ಹಣೆಯಲ್ಲಿ ಹುಡುಕಿದ, ಕತ್ತಿನಲ್ಲಿ ಹುಡುಕಿದ. ಎಲ್ಲೂ ಏನೂ ಇರಲಿಲ್ಲ. ತಲೆ ತಿಳಿಯಾಗಿತ್ತು; ಎದ್ದು ಹೋಗುವುದಕ್ಕೆ ಒಂದು ನೆಪವೂ ಇರಲಿಲ್ಲ. "ತಿನ್ನು ಮರಿ" ಎಂದು ಅಕ್ಕ ಗೋಡೆಯ ಕಡೆ ನೋಡಿಕೊಂಡೇ ಹೇಳಿದಳು.